ಒಂದು ಡಿಶ್, ಹಲವು ಉಪಗ್ರಹ: ನಮ್ಮ ಮಾಳಿಗೆಗಳ ಮೇಲಿನ ವ್ಯಾಪಾರದ ಲೆಕ್ಕ

ಬಳ್ಳಾರಿ ನಗರದ ಯಾವುದೇ ಬಡಾವಣೆಯ ಮಾಳಿಗೆಗಳತ್ತ ಕಣ್ಣು ಹಾಯಿಸಿದರೂ ಪೂರ್ವ ಮತ್ತು ದಕ್ಷಿಣಗಳ ನಡುವಿನ ಆಕಾಶಕ್ಕೆ ಮುಖ ಮಾಡಿ ನಿಂತ ಡಿಶ್‌ಗಳ ಸಾಲು ಗೋಚರಿಸುತ್ತದೆ. ಒಂದೇ ಮನೆಯ ಮೇಲೆ ಎರಡು ಮೂರು ಡಿಶ್‌ಗಳಿರುವುದೂ ಉಂಟು. ಅವುಗಳಲ್ಲಿ ಒಂದಕ್ಕೆ ಮಾತ್ರ ಕೇಬಲ್ ಇರುತ್ತದೆ. ಉಳಿದವು ಚಂದಾ ನಿಲ್ಲಿಸಿದ ಮೇಲೆ ಅಲ್ಲಿಯೇ ಉಳಿದು ತುಕ್ಕು ಹಿಡಿಯುತ್ತಿರುತ್ತವೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಕಾರ್ಮಿಕ ವಸತಿಗಳಲ್ಲಿಯೂ ಕುರುಗೋಡಿನ ಮನೆಗಳಲ್ಲಿಯೂ ನೋಟ ಬೇರೆಯಲ್ಲ. ಒಂದೇ ಡಿಶ್‌ನಿಂದ ಹಲವು ಉಪಗ್ರಹಗಳ ಸಂಕೇತವನ್ನು ಪಡೆಯುವ ವಿಧಾನವೊಂದು ಇದೆ ಎಂಬುದು ಎಲೆಕ್ಟ್ರಾನಿಕ್ಸ್ ಅಂಗಡಿಗಳವರಿಗೆ ಹೊಸ ಸಂಗತಿಯೇನಲ್ಲ. ಆದರೆ ಅದು ಯಾವಾಗ ಲಾಭದಾಯಕ, ಯಾವಾಗ ವ್ಯರ್ಥ, ನಮ್ಮ ಅಕ್ಷಾಂಶದಲ್ಲಿ ಅದರ ಅಳತೆಗಳೇನು ಎಂಬ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. ವರ್ತಕ ಬಾಂಧವರಿಗೂ ಸಣ್ಣ ಕಾರ್ಖಾನೆಗಳ ಮಾಲೀಕರಿಗೂ ಉಪಯುಕ್ತವಾಗಬಹುದೆಂಬ ಉದ್ದೇಶದಿಂದ ಆ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಬೇಡಿಕೆಯ ಮೂಲ

ನಮ್ಮ ಪ್ರದೇಶದಲ್ಲಿ ಈ ಬೇಡಿಕೆ ಹುಟ್ಟುವುದಕ್ಕೆ ಭಾಷೆಯೇ ಮುಖ್ಯ ಕಾರಣ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಗಡಿ ಬದಲಾಯಿತೇ ವಿನಾ ಮನೆಮಾತು ಬದಲಾಗಲಿಲ್ಲ. ಒಂದೇ ಕುಟುಂಬದಲ್ಲಿ ಅಜ್ಜಿಗೆ ತೆಲುಗು ಧಾರಾವಾಹಿ, ಸೊಸೆಗೆ ಕನ್ನಡ ವಾಹಿನಿ, ಮಕ್ಕಳಿಗೆ ಹಿಂದಿ ಚಲನಚಿತ್ರ ಬೇಕಾಗುವುದು ಇಲ್ಲಿ ಸಾಮಾನ್ಯ. ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕಗಳಿಗೆ ಬರುವ ಹೊರ ರಾಜ್ಯದ ಕೆಲಸಗಾರರಿಗೆ ಹಿಂದಿ ಸಾಕು. ಅವರಿಗೆ ಮಾಸಿಕ ಶುಲ್ಕವಿಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ ಒಂದೇ ಪರಿಪೂರ್ಣ. ಆದರೆ ಫ್ರೀ ಡಿಶ್‌ನ ಖಾಸಗಿ ಮನರಂಜನಾ ವಾಹಿನಿಗಳಲ್ಲಿ ಹಿಂದಿಯದೇ ಮೇಲುಗೈ. ಕನ್ನಡ ಹಾಗೂ ತೆಲುಗಿನ ಜನಪ್ರಿಯ ವಾಹಿನಿಗಳು ಬಹುತೇಕ ಚಂದಾ ಸೇವೆಯಲ್ಲಿಯೇ ಇವೆ. ಆದ್ದರಿಂದ ಒಂದು ಚಂದಾ ಸೇವೆಯ ಪೆಟ್ಟಿಗೆ, ಅದರ ಜೊತೆಗೆ ಒಂದು ಫ್ರೀ ಡಿಶ್ ಪೆಟ್ಟಿಗೆ ಎಂಬ ಜೋಡಿಯನ್ನು ಗ್ರಾಹಕರು ಕೇಳುತ್ತಾರೆ. ಹಣದ ಮುಗ್ಗಟ್ಟಿನ ತಿಂಗಳಲ್ಲಿ ಚಂದಾ ಕಟ್ಟದಿದ್ದರೂ ಟಿ.ವಿ. ಖಾಲಿಯಾಗಬಾರದು ಎಂಬುದು ಅವರ ಲೆಕ್ಕ, ಅದು ತಪ್ಪಲ್ಲ.

ದೇಶದ ಅಂಕಿಅಂಶಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ವರದಿಗಳಂತೆ ಚಂದಾ ಡಿಟಿಎಚ್ ಗ್ರಾಹಕರ ಸಂಖ್ಯೆ 2020ರಲ್ಲಿ 7 ಕೋಟಿಯನ್ನು ದಾಟಿತ್ತು; 2024ರ ಸೆಪ್ಟೆಂಬರ್ ವೇಳೆಗೆ ಅದು 6 ಕೋಟಿಗಿಂತ ತುಸು ಕೆಳಗಿಳಿಯಿತು. ಚಂದಾ ಬಿಟ್ಟವರೆಲ್ಲ ಡಿಶ್ ಬಿಟ್ಟವರಲ್ಲ ಎಂಬುದನ್ನು ಈ ವ್ಯಾಪಾರದಲ್ಲಿರುವವರು ಗಮನಿಸಬೇಕು.

ಹಿಂದಿನ ದಾರಿ

ಡಿಶ್ ಎಂಬ ವಸ್ತು ನಮ್ಮ ಭಾಗಕ್ಕೆ ಬಂದುದು ಖಾಸಗಿ ವಾಹಿನಿಗಳ ಜೊತೆಗಲ್ಲ, ಅದಕ್ಕಿಂತ ಬಹಳ ಮುಂಚೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಪ್ರಸಾರ ತಲುಪಿತು. ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು, ವಿಜಾಪುರ ಮತ್ತು ಗುಲಬರ್ಗಾ ಜಿಲ್ಲೆಗಳು. ಎಂದರೆ ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಜಿಲ್ಲೆಯಲ್ಲಿಯೇ ಸುಮಾರು ಹತ್ತು ಅಡಿ ವ್ಯಾಸದ ತಂತಿ ಜಾಲರಿಯ ಆಂಟೆನಾಗಳು ನಿಂತಿದ್ದವು. ಈಚೆ ದಡದವರಿಗೆ ಆ ಯೋಗ ಇರಲಿಲ್ಲ.

1991ರ ಬಳಿಕ ಏಷ್ಯಾಸ್ಯಾಟ್-1 ಉಪಗ್ರಹದ ಸಿ-ಬ್ಯಾಂಡ್ ಪ್ರಸಾರವನ್ನು ಹಿಡಿದು ಮನೆಮನೆಗೆ ತಂತಿ ಎಳೆದ ಕೇಬಲ್ ಉದ್ಯಮ ಬೆಳೆಯಿತು. ಮನೆಗೇ ನೇರವಾಗಿ ಬರುವ ಕೆಯು-ಬ್ಯಾಂಡ್ ಸೇವೆಗೆ ಮಾತ್ರ ಸರಕಾರ 1997ರ ಜುಲೈನಲ್ಲಿ ತಡೆ ಒಡ್ಡಿತು. 4800 ಮೆಗಾಹರ್ಟ್ಸ್‌ಗಿಂತ ಮೇಲಿನ ಆವರ್ತನದಲ್ಲಿ ಡಿಟಿಎಚ್ ಸಂಕೇತ ಪಡೆಯುವ ಉಪಕರಣ ಇಟ್ಟುಕೊಳ್ಳುವುದೇ ನಿಷಿದ್ಧವಾಯಿತು. 2000ದ ನವೆಂಬರ್‌ನಲ್ಲಿ ಆ ತಡೆ ತೆರವಾಯಿತು. 2003ರಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರ್‌ನಲ್ಲಿ 33 ವಾಹಿನಿಗಳ ಡಿಡಿ ಡೈರೆಕ್ಟ್ ಪ್ಲಸ್ ಆರಂಭವಾದವು. ಈ ಎರಡನೆಯದೇ ಇಂದಿನ ಫ್ರೀ ಡಿಶ್.

ಆಗ ಡಿಡಿ ಡೈರೆಕ್ಟ್ ಪ್ಲಸ್ 95 ಡಿಗ್ರಿ ಪೂರ್ವದ ಎನ್‌ಎಸ್‌ಎಸ್-6 ಉಪಗ್ರಹದಲ್ಲಿತ್ತು. 2007ರ ಮಾರ್ಚ್‌ನಲ್ಲಿ ಇನ್‌ಸ್ಯಾಟ್-4ಬಿ ಉಡಾವಣೆಯಾದ ಮೇಲೆ ಅದು 93.5 ಡಿಗ್ರಿಗೆ ಬಂತು, ಡಿಶ್‌ಗಳನ್ನು ತಿರುಗಿಸಬೇಕಾಯಿತು. 2010ರ ಜುಲೈನಲ್ಲಿ ಅದೇ ಇನ್‌ಸ್ಯಾಟ್-4ಬಿಯ ವಿದ್ಯುತ್ ವ್ಯವಸ್ಥೆ ಕೆಟ್ಟು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ನಿಲ್ಲಿಸಲಾಯಿತು. ಅದನ್ನು ಅವಲಂಬಿಸಿದ್ದ ಸನ್ ಡೈರೆಕ್ಟ್ 91.5 ಡಿಗ್ರಿಯ ಮೀಸ್ಯಾಟ್-3ಕ್ಕೆ ಸ್ಥಳಾಂತರಗೊಂಡಿತು. ಕೇವಲ ಎರಡು ಡಿಗ್ರಿಯ ವ್ಯತ್ಯಾಸ. ಆದರೆ ಅದನ್ನು ಸರಿಪಡಿಸಲು ಮೆಕ್ಯಾನಿಕ್ ಪ್ರತಿಯೊಂದು ಮಾಳಿಗೆಯನ್ನೂ ಏರಲೇಬೇಕು. 2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15 ಮಾತ್ರ ಅದೇ 93.5 ಡಿಗ್ರಿಯ ಸ್ಥಾನಕ್ಕೆ ಬಂದುದರಿಂದ ಡಿಶ್‌ಗಳನ್ನು ಮುಟ್ಟುವ ಅಗತ್ಯ ಬರಲಿಲ್ಲ. ಡಿಶ್ ನೋಡುವುದು ಉಪಗ್ರಹದ ಹೆಸರನ್ನಲ್ಲ, ಅದರ ಸ್ಥಾನವನ್ನು.

ಬಳ್ಳಾರಿಯಿಂದ ಕಾಣುವ ಆಕಾಶ

ಪ್ರಸಾರದ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಒಂದು ಕಮಾನಿನಂತೆ ಸಾಲಾಗಿ ನಿಂತಿವೆ. ಬಳ್ಳಾರಿ ನಗರ ಇರುವುದು ಸುಮಾರು 15.15 ಡಿಗ್ರಿ ಉತ್ತರ ಅಕ್ಷಾಂಶ, 76.9 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಲೆಕ್ಕ ಹಾಕಿದರೆ 93.5 ಡಿಗ್ರಿಯ ಜಿಸ್ಯಾಟ್-15 ಉತ್ತರದಿಂದ ಪ್ರದಕ್ಷಿಣೆಯಾಗಿ 131 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 64 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಟಾಟಾ ಪ್ಲೇ ಸೇವೆಯ 83 ಡಿಗ್ರಿ ಸ್ಥಾನ 158 ಡಿಗ್ರಿ ದಿಕ್ಕಿನಲ್ಲಿ 71 ಡಿಗ್ರಿ ಎತ್ತರದಲ್ಲಿದೆ. ಡಿ2ಎಚ್‌ನ 88 ಡಿಗ್ರಿ ಸ್ಥಾನಕ್ಕೆ ದಿಕ್ಕು 143, ಎತ್ತರ 68. ಡಿಶ್ ಟಿ.ವಿ.ಯ 95 ಡಿಗ್ರಿ ಸ್ಥಾನಕ್ಕೆ ದಿಕ್ಕು 129, ಎತ್ತರ 62.5. ಏರ್‌ಟೆಲ್‌ನ 108.2 ಡಿಗ್ರಿ ಸ್ಥಾನ ಮಾತ್ರ ದೂರ ಪೂರ್ವಕ್ಕೆ ಸರಿದು 113 ಡಿಗ್ರಿ ದಿಕ್ಕಿನಲ್ಲಿ, 50 ಡಿಗ್ರಿ ಎತ್ತರದಲ್ಲಿದೆ. ಸಿರುಗುಪ್ಪಕ್ಕೂ ಕುರುಗೋಡಿಗೂ ಈ ಅಂಕಿಗಳಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಬಾರದು. ಮೂರೂ ಊರುಗಳಿಗೆ ಒಂದೇ ಪಟ್ಟಿ ಸಾಕು.

64 ಡಿಗ್ರಿ ಎಂದರೆ ಬಹಳ ಎತ್ತರ. ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ಗೋಡೆಯೊಂದು ಎದುರಿಗಿದ್ದರೂ ಐದು ಮೀಟರ್ ಹಿಂದಕ್ಕೆ ಸರಿದರೆ ಸಂಕೇತ ಸಿಗುತ್ತದೆ. ಬಳ್ಳಾರಿಯ ಕೋಟೆ ಗುಡ್ಡವಾಗಲಿ ಕುರುಗೋಡಿನ ಗುಡ್ಡವಾಗಲಿ ಅಡ್ಡ ಬರುವುದು ತೀರ ಬುಡದಲ್ಲಿರುವ ಮನೆಗಳಿಗೆ ಮಾತ್ರ. "ನಮ್ಮ ಮನೆಗೆ ಗುಡ್ಡ ಅಡ್ಡ" ಎಂದು ಹಿಂದೆಗೆಯುವ ಗ್ರಾಹಕರಿಗೆ ಇದನ್ನು ತಿಳಿಹೇಳಬಹುದು. ಅಡ್ಡಿಯಾಗುವುದು ಸಾಮಾನ್ಯವಾಗಿ ಪಕ್ಕದಲ್ಲೇ ನಿಂತ ನೀರಿನ ಟ್ಯಾಂಕು ಅಥವಾ ತೆಂಗಿನ ಗರಿ. ದಿಕ್ಸೂಚಿಯನ್ನು ಮಾಳಿಗೆಯ ಕಬ್ಬಿಣದ ಸರಳುಗಳಿಂದ ದೂರ ಹಿಡಿದು ನೋಡಬೇಕೆಂಬುದೊಂದು ಎಚ್ಚರಿಕೆ. ಮತ್ತೊಂದು, ಮನೆಬಳಕೆಯ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಅವು ತಮ್ಮ ಮುಖಕ್ಕಿಂತ ಸುಮಾರು 22ರಿಂದ 25 ಡಿಗ್ರಿ ಮೇಲಕ್ಕೆ ನೋಡುತ್ತವೆ. ಆದ್ದರಿಂದ 64 ಡಿಗ್ರಿಯ ಉಪಗ್ರಹಕ್ಕೆ ಹೊಂದಿಸಿದಾಗ ತಟ್ಟೆ 40 ಡಿಗ್ರಿಯಷ್ಟು ಮಾತ್ರ ವಾಲಿದಂತೆ ಕಾಣುತ್ತದೆ.

ಎಲ್‌ಎನ್‌ಬಿಗಳ ಜೋಡಣೆ

ಡಿಶ್‌ನ ಕೆಲಸ ಕನ್ನಡಿಯ ಕೆಲಸ. ನಡುವಿನಿಂದ ಬಂದ ಕಿರಣ ನಾಭಿಯಲ್ಲಿ ಸೇರುತ್ತದೆ. ಪಕ್ಕದ ಉಪಗ್ರಹದಿಂದ ಬಂದ ಕಿರಣ ನಾಭಿಯ ಇನ್ನೊಂದು ಪಕ್ಕಕ್ಕೆ ಸೇರುತ್ತದೆ. ಅಲ್ಲಿ ಎರಡನೆಯ ಎಲ್‌ಎನ್‌ಬಿ ಇಟ್ಟರೆ ಅದೇ ಡಿಶ್ ಎರಡನೆಯ ಉಪಗ್ರಹವನ್ನೂ ಕೊಡುತ್ತದೆ. ಡಿಶ್‌ನ ಹಿಂದೆ ನಿಂತು ಆಗ್ನೇಯಕ್ಕೆ ಮುಖ ಮಾಡಿದಾಗ 83 ಡಿಗ್ರಿಯ ಉಪಗ್ರಹ 93.5ರ ಬಲಕ್ಕೆ, ಮೇಲಕ್ಕೆ ಇರುತ್ತದೆ. ಆದ್ದರಿಂದ ಅದರ ಎಲ್‌ಎನ್‌ಬಿ ಎಡಕ್ಕೆ, ಕೆಳಕ್ಕೆ ಬರಬೇಕು. ಹೊಸ ಮೆಕ್ಯಾನಿಕ್‌ಗಳು ಎಡವುವುದು ಇಲ್ಲಿಯೇ. ಬಲಗಡೆ ಹುಡುಕುತ್ತ ಮಧ್ಯಾಹ್ನವೆಲ್ಲ ಕಳೆದುಬಿಡುತ್ತಾರೆ.

ದೂರ ಎಷ್ಟು? 83 ಮತ್ತು 93.5ರ ನಡುವಿನ ಅಂತರ ಹತ್ತೂವರೆ ಡಿಗ್ರಿಯಾದರೂ ನಮ್ಮ ಮಾಳಿಗೆಯಿಂದ ಅದು ಸುಮಾರು 12 ಡಿಗ್ರಿಯಷ್ಟು ಕಾಣುತ್ತದೆ. ನಾವು ನಿಂತಿರುವುದು ಭೂಕೇಂದ್ರದಲ್ಲಲ್ಲ, ಉಪಗ್ರಹಗಳಿಗೆ ಹತ್ತಿರವಿರುವ ಮೇಲ್ಮೈಯಲ್ಲಿ. 36 ಸೆಂ.ಮೀ. ನಾಭಿದೂರವಿರುವ 60 ಸೆಂ.ಮೀ. ಡಿಶ್‌ನಲ್ಲಿ ಈ 12 ಡಿಗ್ರಿಗೆ ಎಲ್‌ಎನ್‌ಬಿಗಳ ನಡುವಿನ ಅಂತರ ಅಂದಾಜು 9 ಸೆಂ.ಮೀ. ಆಗುತ್ತದೆ. ಸಾಮಾನ್ಯ ಎಲ್‌ಎನ್‌ಬಿಯ ಬಾಯಿಯ ಅಗಲ ಸುಮಾರು 6 ಸೆಂ.ಮೀ. ಆದ್ದರಿಂದ ಇವೆರಡೂ ಆರಾಮವಾಗಿ ಕೂರುತ್ತವೆ. 88 ಮತ್ತು 93.5ರ ಜೋಡಿಗೆ ಅದೇ ಡಿಶ್‌ನಲ್ಲಿ ಐದು ಸೆಂ.ಮೀ. ಕೂಡ ಸಿಗುವುದಿಲ್ಲ, ಒಂದಕ್ಕೊಂದು ತಾಗುತ್ತವೆ. 90 ಸೆಂ.ಮೀ. ಡಿಶ್ ಹಾಕಿದರೆ ಅಂತರ 7 ಸೆಂ.ಮೀ.ಗೆ ಏರಿ ಕೆಲಸ ಸುಗಮವಾಗುತ್ತದೆ. 91.5 ಮತ್ತು 93.5ಕ್ಕೆ ಎರಡು ಸೆಂ.ಮೀ.ಗಿಂತ ಕಡಿಮೆ ಅಂತರ. ಎರಡು ಪ್ರತ್ಯೇಕ ಎಲ್‌ಎನ್‌ಬಿಗಳ ಪ್ರಶ್ನೆಯೇ ಇಲ್ಲ.

93.5 ಮತ್ತು 95ರ ವಿಷಯ ಸ್ವಾರಸ್ಯಕರ. 60 ಸೆಂ.ಮೀ. ಡಿಶ್‌ನ ನೋಟದ ಅಗಲವೇ ಸುಮಾರು 3 ಡಿಗ್ರಿ. ಎರಡರ ನಡುವೆ ಡಿಶ್ ಗುರಿಯಿಟ್ಟರೆ ಒಂದೇ ಎಲ್‌ಎನ್‌ಬಿಯಲ್ಲಿ ಎರಡೂ ತಲಾ ಒಂದು ಡೆಸಿಬೆಲ್‌ನಷ್ಟು ಬಲ ಕಳೆದುಕೊಂಡು ಬರುತ್ತವೆ. ಆದರೆ ಎರಡೂ ಉಪಗ್ರಹಗಳು ಒಂದೇ ಆವರ್ತನವನ್ನು ಬಳಸುವ ಕಡೆ ಒಂದು ಇನ್ನೊಂದನ್ನು ಕೆಡಿಸುತ್ತದೆ, ಮಳೆ ಮೋಡ ಕವಿದೊಡನೆ ಎರಡೂ ಮಾಯವಾಗುತ್ತವೆ. ಇದನ್ನು ತಾತ್ಕಾಲಿಕ ಉಪಾಯವೆಂದು ಪರಿಗಣಿಸಬಹುದೇ ಹೊರತು ಬಿಲ್ಲು ಬರೆದು ಮಾರುವ ಸೇವೆಯೆಂದಲ್ಲ.

ಪಕ್ಕದಲ್ಲಿರುವ ಎಲ್‌ಎನ್‌ಬಿಗೆ ಸಂಕೇತ ಕಡಿಮೆ ಸಿಗುವುದು ಅನಿವಾರ್ಯ. ಎರಡೂ ಉಪಗ್ರಹಗಳು ಸಮಬಲದವಾದರೆ ಡಿಶ್ ಅನ್ನು ಅವುಗಳ ನಡುವಿಗೆ ಗುರಿಯಿಟ್ಟು ಎರಡೂ ಎಲ್‌ಎನ್‌ಬಿಗಳನ್ನು ನಾಭಿಯ ಆಚೆ ಈಚೆ ಇಡುವುದು ಲೇಸು. ಒಂದು ದುರ್ಬಲವಾದರೆ ಅದಕ್ಕೇ ನಾಭಿಯನ್ನು ಬಿಟ್ಟುಕೊಡಬೇಕು. 60ರ ಬದಲು 90 ಸೆಂ.ಮೀ. ಡಿಶ್ ಬಳಸಿದರೆ ವಿಸ್ತೀರ್ಣ ಎರಡೂಕಾಲು ಪಟ್ಟು, ಎಂದರೆ ಸುಮಾರು ಮೂರೂವರೆ ಡೆಸಿಬೆಲ್ ಹೆಚ್ಚುವರಿ ಬಲ. ಪಕ್ಕದ ನಷ್ಟ ಇದರಿಂದಲೇ ತುಂಬುತ್ತದೆ. ಎಲ್‌ಎನ್‌ಬಿಯನ್ನು ತನ್ನ ಅಕ್ಷದಲ್ಲಿ ತಿರುಗಿಸುವುದನ್ನೂ ಮರೆಯಬಾರದು. ನಮ್ಮ ಊರಿಗೆ 93.5ಕ್ಕೆ ಈ ತಿರುವು ಜ್ಯಾಮಿತಿಯ ಪ್ರಕಾರ ಸುಮಾರು 46 ಡಿಗ್ರಿ, 83ಕ್ಕೆ 21 ಡಿಗ್ರಿ. ಉಪಗ್ರಹದ ಸ್ವಂತ ವಿನ್ಯಾಸದಿಂದ ಇದರಲ್ಲಿ ವ್ಯತ್ಯಾಸ ಬರಬಹುದಾದ್ದರಿಂದ ಕೊನೆಯ ತೀರ್ಮಾನವನ್ನು ಪರದೆಯ ಮೇಲಿನ ಗುಣಮಟ್ಟದ ಪಟ್ಟಿಗೆ ಬಿಡಬೇಕು; ಬಲದ ಪಟ್ಟಿಗಲ್ಲ.

ಫ್ಯಾಬ್ರಿಕೇಶನ್ ಘಟಕಗಳಿಗೆ ಒಂದು ಸೂಚನೆ

ಎರಡನೆಯ ಎಲ್‌ಎನ್‌ಬಿಯನ್ನು ಹಿಡಿಯುವ ಪಟ್ಟಿ ಚಿಕ್ಕ ವಸ್ತು, ಆದರೆ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆಯೇ. ಹೊರಗಿನಿಂದ ಬರುವ ಪಟ್ಟಿಗಳು ಬಹುತೇಕ ಯೂರೋಪಿನ ಅಕ್ಷಾಂಶಕ್ಕೆ ರೂಪಿಸಿದವು. ಅಲ್ಲಿ ಉಪಗ್ರಹಗಳ ಕಮಾನು ದಕ್ಷಿಣ ದಿಗಂತದ ಮೇಲೆ ಚಪ್ಪಟೆಯಾಗಿ ಕಾಣುವುದರಿಂದ ಪಟ್ಟಿ ಹೆಚ್ಚುಕಡಿಮೆ ಅಡ್ಡಡ್ಡಲಾಗಿದ್ದರೆ ಸಾಕು. ನಮ್ಮಲ್ಲಿ ಕಮಾನು ಕಡಿದಾಗಿ ಮೇಲೇರುತ್ತದೆ. 93.5 ಮತ್ತು 83ರ ಜೋಡಿಗೆ ಪಟ್ಟಿ ಸುಮಾರು 34 ಡಿಗ್ರಿ ವಾಲಿರಬೇಕು; 9 ಸೆಂ.ಮೀ. ಅಂತರದಲ್ಲಿ ಎಡತುದಿ ಐದು ಸೆಂ.ಮೀ. ಕೆಳಗಿರಬೇಕು. ಅಡ್ಡಪಟ್ಟಿಗೆ ಇಷ್ಟು ವಾಲು ಕೊಡಲು ಅವಕಾಶವಿಲ್ಲದ್ದರಿಂದ ಮೆಕ್ಯಾನಿಕ್‌ಗಳು ತಂತಿ ಸುತ್ತಿ, ಮರದ ತುಂಡು ಸಿಕ್ಕಿಸಿ ಕೆಲಸ ಮುಗಿಸುತ್ತಾರೆ. ಮೊದಲ ಬಿರುಗಾಳಿಗೆ ಅದು ಕದಲುತ್ತದೆ, ಗ್ರಾಹಕರು ಅಂಗಡಿಗೆ ಬರುತ್ತಾರೆ.

ಇಂಥ ಪಟ್ಟಿಯನ್ನು ಜಿಲ್ಲೆಯ ಯಾವುದೇ ಸಣ್ಣ ಫ್ಯಾಬ್ರಿಕೇಶನ್ ಘಟಕ ತಯಾರಿಸಬಹುದು. ಬೇಕಾದುದು ಕಲಾಯಿ ಮಾಡಿದ ಉಕ್ಕಿನ ಪಟ್ಟಿ, ಅದರಲ್ಲಿ ಉದ್ದನೆಯ ಸೀಳುಗಂಡಿ, 0ರಿಂದ 45 ಡಿಗ್ರಿಯವರೆಗೆ ವಾಲಿಸಬಹುದಾದ ಒಂದು ತಿರುಗು ಕೀಲು, 40 ಮಿ.ಮೀ. ಕತ್ತಿನ ಎಲ್‌ಎನ್‌ಬಿಗೆ ಸರಿಹೊಂದುವ ಲೋಹದ ಹಿಡಿಕೆ. ಪ್ಲಾಸ್ಟಿಕ್ ಹಿಡಿಕೆಯಿಂದ ದೂರವಿರುವುದೇ ಒಳಿತು. 40 ಡಿಗ್ರಿ ಮೀರುವ ನಮ್ಮ ಬೇಸಿಗೆಯಲ್ಲಿ ಅದು ಪೆಡಸಾಗಿ ಸೀಳುತ್ತದೆ. ಪಟ್ಟಿಯ ಮೇಲೆ ನಮ್ಮ ಊರಿಗೆ ಹೊಂದುವ ಸ್ಥಾನಗಳನ್ನು ಗುರುತು ಒತ್ತಿ ಕೊಟ್ಟರೆ ಅದೇ ಅದರ ಜಾಹೀರಾತು. ಬೇಡಿಕೆ ಲಕ್ಷಗಳಲ್ಲಿ ಇರದು. ಅದಕ್ಕಾಗಿ ಹೊಸ ಯಂತ್ರ ಕೊಳ್ಳುವುದು ಜಾಣತನವಲ್ಲ. ಆದರೆ ಬೇರೆ ಕೆಲಸದ ಕತ್ತರಿಸಿ ಉಳಿದ ಉಕ್ಕಿನಲ್ಲೇ ಇದು ಆಗುತ್ತದೆ.

ಸ್ವಿಚ್ಚು ಮತ್ತು ಕೇಬಲ್

ಒಂದು ತಪ್ಪು ಕಲ್ಪನೆಯನ್ನು ಮೊದಲು ನಿವಾರಿಸಬೇಕು. ಚಂದಾ ಸೇವೆಗೊಂದು, ಫ್ರೀ ಡಿಶ್‌ಗೊಂದು ಪ್ರತ್ಯೇಕ ಪೆಟ್ಟಿಗೆ ಇದ್ದಲ್ಲಿ ಯಾವ ಸ್ವಿಚ್ಚೂ ಬೇಡ. ಪ್ರತಿ ಎಲ್‌ಎನ್‌ಬಿಯಿಂದ ಅದರ ಪೆಟ್ಟಿಗೆಗೆ ಒಂದೊಂದು ಕೇಬಲ್ ಎಳೆದರೆ ಮುಗಿಯಿತು. ಗ್ರಾಹಕರಿಗೆ ಬೇಡದ ಸ್ವಿಚ್ಚನ್ನು ಮಾರಿದರೆ ಆ ದಿನದ ಗಲ್ಲೆ ತುಂಬಬಹುದು, ಮರುದಿನ ದೂರು ಬರುತ್ತದೆ. ಸ್ವಿಚ್ಚು ಬೇಕಾಗುವುದು ಒಂದೇ ಪೆಟ್ಟಿಗೆಯಲ್ಲಿ ಹಲವು ಉಪಗ್ರಹಗಳ ಉಚಿತ ವಾಹಿನಿಗಳನ್ನು ನೋಡುವವರಿಗೆ.

ಅದಕ್ಕಿರುವ ಪದ್ಧತಿಯ ಹೆಸರು ಡೈಸೆಕ್. ಯೂರೋಪಿನ ಯೂಟೆಲ್‌ಸ್ಯಾಟ್ ಸಂಸ್ಥೆ ರೂಪಿಸಿದ ಈ ವಿಧಾನದಲ್ಲಿ ಪೆಟ್ಟಿಗೆಯು ಅದೇ ಕೇಬಲಿನ ಮೂಲಕ 22 ಕಿಲೋಹರ್ಟ್ಸ್‌ನ ನಾದದಲ್ಲಿ ಆಜ್ಞೆ ಕಳುಹಿಸುತ್ತದೆ. ಸ್ವಿಚ್ಚು ನಾಲ್ಕು ಎಲ್‌ಎನ್‌ಬಿಗಳಲ್ಲಿ ಒಂದನ್ನು ಆರಿಸುತ್ತದೆ. ಇದು 1.0 ಆವೃತ್ತಿ; 1.1ರಲ್ಲಿ ಹದಿನಾರರವರೆಗೆ ಸಾಧ್ಯ. 1.2 ಆವೃತ್ತಿ ಡಿಶ್ ಅನ್ನೇ ತಿರುಗಿಸುವ ಮೋಟಾರಿಗೆ ಸಂಬಂಧಿಸಿದ್ದು. ಮೋಟಾರು ಹವ್ಯಾಸಿಗಳಿಗೆ ಹಿತ, ಸಂಸಾರಿಗಳಿಗಲ್ಲ. ಒಂದು ಕೋಣೆಯವರು ಉಪಗ್ರಹ ಬದಲಿಸಿದರೆ ಇನ್ನೊಂದು ಕೋಣೆಯ ಚಿತ್ರ ಹೋಗುತ್ತದೆ. ಪೆಟ್ಟಿಗೆಯಲ್ಲಿ ಪ್ರತಿ ಉಪಗ್ರಹಕ್ಕೆ ಸ್ವಿಚ್ಚಿನ ದ್ವಾರವನ್ನೂ ಎಲ್‌ಎನ್‌ಬಿಯ ಆವರ್ತನವನ್ನೂ ಸರಿಯಾಗಿ ನಮೂದಿಸಬೇಕು: ಕೆಯು-ಬ್ಯಾಂಡ್ ಯೂನಿವರ್ಸಲ್ ಎಲ್‌ಎನ್‌ಬಿಗೆ 9750 ಮತ್ತು 10600, ಸಿ-ಬ್ಯಾಂಡಿಗೆ 5150. ದೊಡ್ಡ ಜಾಲರಿ ಡಿಶ್‌ನ ಸಿ-ಬ್ಯಾಂಡ್ ಎಲ್‌ಎನ್‌ಬಿಯನ್ನೂ ಇದೇ ಸ್ವಿಚ್ಚಿಗೆ ಸೇರಿಸಬಹುದು.

ಪೆಟ್ಟಿಗೆಯಿಂದ ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ತು 13 ವೋಲ್ಟ್ ಆದರೆ ಲಂಬ ಧ್ರುವೀಕರಣ, 18 ಆದರೆ ಅಡ್ಡ ಧ್ರುವೀಕರಣ. ಸಿರುಗುಪ್ಪದ ಗಿರಣಿಗಳಲ್ಲಿ ಡಿಶ್ ಗೋದಾಮಿನ ಮೇಲೆ, ಟಿ.ವಿ. ಕಾರ್ಮಿಕ ವಸತಿಯಲ್ಲಿ ಎಂಬಂತೆ ಕೇಬಲ್ ದೂರ ಓಡಬೇಕಾಗುತ್ತದೆ. ತಾಮ್ರದ ಲೇಪವಷ್ಟೇ ಇರುವ ಉಕ್ಕಿನ ತಂತಿಯ ಅಗ್ಗದ ಕೇಬಲ್ ಬಳಸಿದರೆ 18 ವೋಲ್ಟ್ ದಾರಿಯಲ್ಲಿ ಸೋರಿ ಎಲ್‌ಎನ್‌ಬಿ ಅದನ್ನು 13 ಎಂದು ಭಾವಿಸುತ್ತದೆ. ವಾಹಿನಿಗಳಲ್ಲಿ ಅರ್ಧ ಬಂದು ಅರ್ಧ ಬಾರದಿದ್ದರೆ ಡಿಶ್ ತಿರುಗಿಸುವ ಮುನ್ನ ಕೇಬಲ್ ನೋಡಬೇಕು. ಉತ್ತಮ ಆರ್‌ಜಿ-6 ಕೇಬಲಿನಲ್ಲಿಯೂ ಮೂವತ್ತು ಮೀಟರಿಗೆ ಮೇಲಿನ ಆವರ್ತನಗಳಲ್ಲಿ ಒಂಬತ್ತು ಹತ್ತು ಡೆಸಿಬೆಲ್ ಹೋಗುತ್ತದೆ. ಎಫ್ ಕನೆಕ್ಟರಿಗೆ ನೀರು ಹೊಗದಂತೆ ರಬ್ಬರ್ ಟೋಪಿ, ಡಿಶ್ ಕಂಬಕ್ಕೆ ಅರ್ಥಿಂಗ್, ಕೇಬಲಿಗೊಂದು ನೇತಾಡುವ ಬಳುಕು, ಇವೆಲ್ಲ ಹಳೆಯ ಮಾತುಗಳೇ. ಬಿಡುವವರು ಹೆಚ್ಚಾದುದರಿಂದ ಹೇಳಬೇಕಾಗಿದೆ.

ಮಾರುವಾಗ ಆಡುವ ಮಾತು

"ಒಮ್ಮೆ ಹಣ ಕೊಡಿ, ಜೀವನಪೂರ್ತಿ ಉಚಿತ" ಎಂಬ ಫಲಕವನ್ನು ಅಂಗಡಿಯ ಮುಂದೆ ತೂಗುಹಾಕುವ ಅಭ್ಯಾಸ ಅಪಾಯಕಾರಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳ ಸ್ಥಾನಗಳನ್ನು ಪ್ರಸಾರ ಭಾರತಿ ಇ-ಹರಾಜಿನಲ್ಲಿ ನೀಡುತ್ತದೆ. 2019ರ ಮಾರ್ಚ್‌ನಲ್ಲಿ ದೊಡ್ಡ ಪ್ರಸಾರ ಸಂಸ್ಥೆಗಳು ತಮ್ಮ ಜನಪ್ರಿಯ ಹಿಂದಿ ವಾಹಿನಿಗಳನ್ನು ಅದರಿಂದ ಹಿಂದಕ್ಕೆ ಪಡೆದವು, 2020ರಲ್ಲಿ ಮರಳಿದವು, 2022ರ ಏಪ್ರಿಲ್‌ನಲ್ಲಿ ಮತ್ತೆ ಹೊರಬಂದವು. ಸೇವೆ ಉಚಿತ ಎನ್ನಬಹುದು. ಇಂಥ ವಾಹಿನಿ ಇರುತ್ತದೆ ಎಂದು ಮಾತು ಕೊಡಲಾಗದು. ಖಚಿತವಾಗಿ ಹೇಳಬಹುದಾದುದು ಡಿಡಿ ಚಂದನ ಮೊದಲಾದ ದೂರದರ್ಶನದ ವಾಹಿನಿಗಳು ಮತ್ತು ಜಿಸ್ಯಾಟ್-15ರ ಮೂಲಕ 2017ರಿಂದ ನಡೆದು ಬಂದಿರುವ ಸ್ವಯಂಪ್ರಭಾ ಶೈಕ್ಷಣಿಕ ವಾಹಿನಿಗಳು. ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ಎರಡನೆಯದನ್ನು ತೋರಿಸಿಕೊಡುವ ಮೆಕ್ಯಾನಿಕ್‌ಗಳು ಅಪರೂಪ.

ಚಂದಾ ಸೇವೆಯ ಕಾರ್ಡನ್ನು ಮುರಿದು ವಾಹಿನಿ ತೋರಿಸುವುದು ಕಾನೂನುಬಾಹಿರ. ಅಂಥ ಪೆಟ್ಟಿಗೆಗಳನ್ನು ಅಂಗಡಿಯಲ್ಲಿ ಇಡಲೇಬಾರದು. ಒಂದು ಸಂಸ್ಥೆಯ ಪೆಟ್ಟಿಗೆಯನ್ನು ಇನ್ನೊಂದು ಸಂಸ್ಥೆಯ ಸೇವೆಗೆ ಬಳಸುವಂತಾಗಬೇಕೆಂದು ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತ್ತು. ಶಿಫಾರಸಿನ ಭರವಸೆಯ ಮೇಲೆ ಹಳೆಯ ಪೆಟ್ಟಿಗೆಗಳನ್ನು ಕೊಂಡು ರಾಶಿ ಹಾಕುವುದು ಬೇಡ.

ಕೊನೆಗೆ, ಎರಡನೆಯ ಎಲ್‌ಎನ್‌ಬಿಯೋ ಎರಡನೆಯ ಡಿಶ್ಶೋ ಎಂಬ ಪ್ರಶ್ನೆ. ಮಾಳಿಗೆಯ ಮೇಲೆ ಕೆಲಸಕ್ಕೆ ಬರುವ ಹಳೆಯ 60 ಸೆಂ.ಮೀ. ಡಿಶ್ ಬಿದ್ದಿದ್ದರೆ, ಜಾಗವೂ ಇದ್ದರೆ, ಅದನ್ನೇ ಎರಡನೆಯ ಉಪಗ್ರಹಕ್ಕೆ ತಿರುಗಿಸುವುದು ಅಗ್ಗ, ಮಳೆಗೂ ಗಟ್ಟಿ. ಒಂದೇ ಡಿಶ್‌ನ ವ್ಯವಸ್ಥೆ ನಿಜವಾಗಿ ಉಪಯೋಗಕ್ಕೆ ಬರುವುದು ಮಾಳಿಗೆಯ ಮೇಲೆ ಒಂದೇ ಕಂಬಕ್ಕೆ ಮಾಲೀಕರ ಅನುಮತಿ ಸಿಗುವ ಬಾಡಿಗೆ ಮನೆಗಳಲ್ಲಿ, ಬಾಲ್ಕನಿಯಷ್ಟೇ ಇರುವ ಅಪಾರ್ಟ್‌ಮೆಂಟುಗಳಲ್ಲಿ, ಹತ್ತು ಹನ್ನೆರಡು ಕೋಣೆಗಳ ಕಾರ್ಮಿಕ ವಸತಿಗಳಲ್ಲಿ. ವಸತಿಗಳಿಗೆ ನಾಲ್ಕು ಹೊರದ್ವಾರಗಳ ಎಲ್‌ಎನ್‌ಬಿ ಸಿಗುತ್ತದೆ. ಪ್ರತಿ ದ್ವಾರ ಒಂದು ಕೋಣೆಗೆ ಸ್ವತಂತ್ರವಾಗಿ ಕೆಲಸ ಮಾಡುತ್ತದೆ.

ಜಿಸ್ಯಾಟ್-15ರ ವಿನ್ಯಾಸಿತ ಆಯುಸ್ಸು 12 ವರ್ಷ. ಉಡಾವಣೆಯಾದದ್ದು 2015ರ ನವೆಂಬರ್‌ನಲ್ಲಿ. ಅದರ ಸ್ಥಾನಕ್ಕೆ ಬರುವ ಉಪಗ್ರಹ 93.5ರಲ್ಲಿಯೇ ನಿಂತರೆ ಮೆಕ್ಯಾನಿಕ್‌ಗಳಿಗೆ ಕೆಲಸವಿಲ್ಲ. ಬೇರೆಡೆ ನಿಂತರೆ ಪ್ರತಿಯೊಂದು ಮಾಳಿಗೆಯನ್ನೂ ಮತ್ತೆ ಏರಬೇಕು. ಈಗ ಹಾಕುವ ಪಟ್ಟಿಗಳಲ್ಲಿ ಸೀಳುಗಂಡಿಯನ್ನು ಎರಡೂ ಬದಿಗೆ ನಾಲ್ಕು ಸೆಂ.ಮೀ. ಹೆಚ್ಚಾಗಿ ಬಿಟ್ಟಿರುವುದು ಒಳ್ಳೆಯದು.